ಕರೆಂಟ್ ಬಂದ ಮೇಲೆ ಸಿಸ್ಟಮ್ ಏಳುವ ಹೊತ್ತು

ಉಬ್ರಾಣಿಯ ಒಂದು ಜೆರಾಕ್ಸ್ ಅಂಗಡಿ. ಹೊರಗೆ ಹಸಿ ಅಡಿಕೆ ತುಂಬಿದ ಟ್ರ್ಯಾಕ್ಟರ್ ನಿಂತಿದೆ. ಒಳಗೆ ಪಹಣಿಗೆ ಬಂದ ಮೂವರು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಹಾಕಲು ಬಂದ ಒಬ್ಬ ಕಾಲೇಜು ಹುಡುಗಿ. ಕರೆಂಟ್ ಹೋಗಿ ಈಗಷ್ಟೇ ಬಂದಿದೆ. ಯುಪಿಎಸ್ ಏನೋ ಇದೆ, ಅದರ ಬ್ಯಾಟರಿ ಸತ್ತು ವರ್ಷವಾಯಿತು. ಅಂಗಡಿಯ ಹುಡುಗ ಸಿಪಿಯು ಗುಂಡಿ ಒತ್ತಿ ಕೈಕಟ್ಟಿ ಕೂತ.

"ಏನ್ ತಮ್ಮಾ, ಎದ್ದೈತೋ, ಇನ್ನೂ ಮಲಗೈತೋ?" ಎಂದರು ಹಿರಿಯರೊಬ್ಬರು.

"ಏಳ್ತಾ ಐತಜ್ಜ. ಸ್ಟಾರ್ಟ್‌ಅಪ್‌ನಾಗೆ ಏನೇನೋ ಸೇರ್ಕಂಡೈತೆ, ಅದುಕ್ಕೇ ಲೇಟು."

ಈ ಉತ್ತರ ಅವನೊಬ್ಬನದಲ್ಲ. ಚನ್ನಗಿರಿಯ ರಿಪೇರಿ ಅಂಗಡಿಯಿಂದ ಬೆಂಗಳೂರಿನ ಎಸ್‌ಪಿ ರಸ್ತೆಯವರೆಗೆ, ಕಂಪ್ಯೂಟರ್ ನಿಧಾನ ಎಂದು ಯಾರು ದೂರು ಕೊಟ್ಟರೂ ಮೊದಲು ಸಿಗುವ ಉತ್ತರ ಇದೇ. ಆರಂಭದಲ್ಲಿ ತಾನಾಗಿ ಓಡುವ ಸ್ಕ್ರಿಪ್ಟುಗಳು, ಪ್ರೋಗ್ರಾಮುಗಳು ಬೂಟ್ ಆಗುವುದನ್ನು ನಿಜಕ್ಕೂ ತಡಮಾಡುತ್ತವೆಯೇ? ಮಾಡುತ್ತವೆ. ಆದರೆ ಜನ ಅಂದುಕೊಂಡ ರೀತಿಯಲ್ಲಿ ಅಲ್ಲ. ಎಷ್ಟೋ ಸಲ ಬೈಗುಳ ತಿನ್ನುವುದು ಅವು, ತಪ್ಪು ಮಾಡಿದ್ದು ಬೇರೆಯದು.

ಮೊದಲಿಗೆ, ಬೂಟ್ ಎಲ್ಲಿಗೆ ಮುಗಿಯಿತು ಎನ್ನುವುದರಲ್ಲೇ ಜಗಳವಿದೆ. ಗುಂಡಿ ಒತ್ತಿದೊಡನೆ ಎಚ್ಚರವಾಗುವುದು ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಹಳಬರ ಬಾಯಲ್ಲಿ ಬಯೋಸ್. ಅದು ಮೆಮೊರಿ, ಕೀಬೋರ್ಡು, ಡಿಸ್ಕು ಎಲ್ಲವನ್ನೂ ಮುಟ್ಟಿ ನೋಡಿ ಬೂಟ್ ಲೋಡರಿಗೆ ಕೈ ಬಿಡುತ್ತದೆ. ಲೋಡರ್ ಕರ್ನಲ್ಲನ್ನು ತರುತ್ತದೆ, ಕರ್ನಲ್ ಡ್ರೈವರುಗಳನ್ನು ಎಬ್ಬಿಸುತ್ತದೆ. ಆಮೇಲೆ ಸರ್ವೀಸುಗಳು, ಲಾಗಿನ್, ಡೆಸ್ಕ್‌ಟಾಪ್. ಡೆಸ್ಕ್‌ಟಾಪ್ ಕಂಡರೂ ಮುಗಿಯಲಿಲ್ಲ, ಬ್ರೌಸರಿನ ಮೇಲೆ ಒತ್ತಿದರೆ ಅದು ತೆರೆದುಕೊಳ್ಳಬೇಕಲ್ಲ. ಅಜ್ಜನ ಲೆಕ್ಕದಲ್ಲಿ ಸಿಸ್ಟಮ್ 'ಎದ್ದಿದ್ದು' ಅವರ ಪಹಣಿ ಪ್ರಿಂಟರಿನಿಂದ ಹೊರಬಂದಾಗ. ಕಂಪನಿಗಳ ಜಾಹೀರಾತಿನ ಲೆಕ್ಕದಲ್ಲಿ ಪರದೆಯ ಮೇಲೆ ಚಿತ್ರ ಬಿದ್ದಾಗ. ಆರಂಭದ ಸ್ಕ್ರಿಪ್ಟುಗಳಿಗೆ ಜಾಗ ಇರುವುದು ಈ ಸಾಲಿನ ದ್ವಿತೀಯಾರ್ಧದಲ್ಲಿ ಮಾತ್ರ. ಫರ್ಮ್‌ವೇರ್ ತಿನ್ನುವ ಸೆಕೆಂಡುಗಳಲ್ಲಿ ಅವುಗಳ ಪಾಲು ಸೊನ್ನೆ.

ಡಾಸ್ ಕಾಲದಲ್ಲಿ ಈ ವಿಷಯ ಸರಳವಾಗಿತ್ತು. ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎಂಬ ಎರಡು ಕಡತ, ಅವುಗಳಲ್ಲಿ ಒಂದರ ಕೆಳಗೊಂದು ಆದೇಶ. ಮೇಲಿನದು ಮುಗಿಯದೆ ಕೆಳಗಿನದು ಶುರುವಾಗದು. ಬೂಟ್ ನಿಧಾನ ಎನ್ನಿಸಿದರೆ ಕಡತ ತೆರೆದು ಸಾಲು ಅಳಿಸಿದರಾಯಿತು. 1993ರ ಡಾಸ್ 6ರಲ್ಲಂತೂ ಎಫ್8 ಒತ್ತಿದರೆ ಒಂದೊಂದು ಸಾಲಿಗೂ ಓಡಿಸಲೋ ಬೇಡವೋ ಎಂದು ಅದೇ ಕೇಳುತ್ತಿತ್ತು. ಆಗಿನವರ ನಿಜವಾದ ತಲೆನೋವು ಸಮಯವಲ್ಲ, 640 ಕೆಬಿ ಮೆಮೊರಿ. ಅದೇ ಆಟೋಎಕ್ಸೆಕ್‌ನಲ್ಲಿ ಸ್ಮಾರ್ಟ್‌ಡ್ರೈವ್ ಎಂಬ ಸಾಲೊಂದಿರುತ್ತಿತ್ತು. ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಮುಂದಿನ ಕೆಲಸವನ್ನೆಲ್ಲ ಚುರುಕುಗೊಳಿಸುವುದೇ ಅದರ ಕಸುಬು. ಸಾಲು ಕಡಿಮೆ ಮಾಡುವ ಹುರುಪಿನಲ್ಲಿ ಅದನ್ನೂ ಅಳಿಸಿ, ಆಮೇಲೆ ಯಂತ್ರ ಇನ್ನೂ ನಿಧಾನವಾಯಿತೆಂದು ತಲೆ ಕೆರೆದುಕೊಂಡವರು ಇದ್ದರು. ಹೆಸರು ಆರಂಭದ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಅದು ಹೊರೆಯಲ್ಲ ಎಂಬುದು ಆಗಲೇ ಗೊತ್ತಿದ್ದ ಸಂಗತಿ.

ಯೂನಿಕ್ಸ್ ಮನೆತನದ ಕತೆ ಇದಕ್ಕಿಂತ ಉದ್ದ. ಅಲ್ಲಿ ಆರಂಭದ ಕಡತಗಳ ಹೆಸರಿನಲ್ಲಿ ಬರುವ 'ಆರ್‌ಸಿ' ಎಂಬ ಎರಡಕ್ಷರ 1960ರ ದಶಕದ 'ರನ್‌ಕಾಮ್' ಎಂಬ ಸೌಲಭ್ಯದಿಂದ ಉಳಿದುಬಂದದ್ದು. ಸಿಸ್ಟಮ್ ಫೈವ್ ಯೂನಿಕ್ಸಿನ ಮಾದರಿ ಹಿಡಿದ ಲಿನಕ್ಸುಗಳಲ್ಲಿ ಪ್ರತಿ ಸೇವೆಗೂ ಒಂದು ಶೆಲ್ ಸ್ಕ್ರಿಪ್ಟ್, ಅದರ ಹೆಸರಿನ ಮುಂದೆ ಒಂದು ಸರದಿ ಸಂಖ್ಯೆ. ಹತ್ತನೆಯದು ಮುಗಿದ ಮೇಲೆ ಹನ್ನೊಂದನೆಯದು. ನಮ್ಮ ಕಡೆಯ ಹಳೆಯ ಕೆರೆ ಸರಪಳಿ ನೋಡಿದವರಿಗೆ ಇದು ಹೊಸದಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಮಾತ್ರ ಕೆಳಗಿನ ಕೆರೆಗೆ ನೀರು. ನಡುವೆ ಒಂದು ಕೆರೆಯ ತೂಬು ಸೋರುತ್ತಿದ್ದರೆ ಕೆಳಗಿನವರೆಲ್ಲ ಕಾಯಬೇಕು, ಅವರ ಕೆರೆ ಎಷ್ಟೇ ಚಿಕ್ಕದಿರಲಿ.

ಹಾಗಾಗಿ ಹಳೆಯ ಲಿನಕ್ಸ್ ತಡವಾಗಿ ಏಳುತ್ತಿದ್ದುದಕ್ಕೆ ಎರಡು ಕಾರಣ. ಒಂದು ಈ ಸಾಲು. ನೆಟ್‌ವರ್ಕ್ ಸ್ಕ್ರಿಪ್ಟು ಐಪಿ ವಿಳಾಸಕ್ಕಾಗಿ ಕಾಯುತ್ತ ನಿಂತರೆ ಅದಕ್ಕೂ ತನಗೂ ಸಂಬಂಧವೇ ಇಲ್ಲದ ಪ್ರಿಂಟರ್ ಸೇವೆಯೂ ಹಿಂದೆ ನಿಲ್ಲುತ್ತಿತ್ತು. ಇನ್ನೊಂದು ಶೆಲ್ಲಿನ ಸ್ವಭಾವ. ಶೆಲ್ ಸ್ಕ್ರಿಪ್ಟು ತಾನೇ ಹೆಚ್ಚು ಕೆಲಸ ಮಾಡದು, ಪದ ಹುಡುಕಲು ಗ್ರೆಪ್ ಕರೆಯುತ್ತದೆ, ಸಾಲು ಕತ್ತರಿಸಲು ಆಕ್ ಕರೆಯುತ್ತದೆ. ಪ್ರತಿ ಕರೆಗೂ ಹೊಸದೊಂದು ಪ್ರಕ್ರಿಯೆ ಹುಟ್ಟಿ ಸಾಯಬೇಕು. 2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೊಟ್ಟರಿಂಗ್ ಸಿಸ್ಟಮ್‌ಡಿ ಎಂಬ ಹೊಸ ವ್ಯವಸ್ಥೆಯನ್ನು ಪರಿಚಯಿಸಿ ಬರೆದ ದೀರ್ಘ ಬರಹದಲ್ಲಿ ತನ್ನ ಯಂತ್ರದ ಆರಂಭದ ಸ್ಕ್ರಿಪ್ಟುಗಳನ್ನು ಎಣಿಸಿ ತೋರಿಸಿದ: ಗ್ರೆಪ್‌ಗೆ 77 ಕರೆ, ಆಕ್‌ಗೆ 92. ಒಂದೊಂದೂ ಕ್ಷಣದ ಕೆಲಸ. ಸೇರಿಸಿದರೆ ಕ್ಷಣವಲ್ಲ.

ಇದಕ್ಕೆ ಮದ್ದು ಅದಕ್ಕೂ ಮೊದಲೇ ಶುರುವಾಗಿತ್ತು. 2006ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 6.10 ಎರಡು ಬದಲಾವಣೆ ತಂದಿತು. ಆರಂಭದ ಸ್ಕ್ರಿಪ್ಟುಗಳನ್ನು ಓಡಿಸುವ ಭಾರದ ಬ್ಯಾಶ್ ಜಾಗಕ್ಕೆ ಹಗುರವಾದ ಡ್ಯಾಶ್ ಬಂತು, ಸೇವೆಗಳನ್ನು ಸರದಿಯಲ್ಲಿ ಎಬ್ಬಿಸುತ್ತಿದ್ದ ಹಳೆಯ ಇನಿಟ್ ಜಾಗಕ್ಕೆ ಸ್ಕಾಟ್ ಜೇಮ್ಸ್ ರೆಮ್ನಂಟ್ ಬರೆದ ಅಪ್‌ಸ್ಟಾರ್ಟ್. ಆದರೆ ಈ ಚರ್ಚೆಯ ದಿಕ್ಕನ್ನೇ ತಿರುಗಿಸಿದ್ದು 2008ರ ಸೆಪ್ಟೆಂಬರ್‌ನ ಒಂದು ಪ್ರಾತ್ಯಕ್ಷಿಕೆ. ಇಂಟೆಲ್‌ನಲ್ಲಿದ್ದ ಅರ್ಯನ್ ವಾನ್ ಡಿ ವೆನ್ ಮತ್ತು ಔಕೆ ಕಾಕ್ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಅಸೂಸ್ ಈ-ಪಿಸಿ ಎಂಬ ಅಗ್ಗದ ಪುಟ್ಟ ಲ್ಯಾಪ್‌ಟಾಪನ್ನು 5 ಸೆಕೆಂಡಿನಲ್ಲಿ ಎಬ್ಬಿಸಿ ತೋರಿಸಿದರು. ಅವರ ವಿಧಾನ ನನಗೆ ಇವತ್ತಿಗೂ ಮೆಚ್ಚುಗೆ. 'ಇನ್ನಷ್ಟು ಬೇಗ' ಎಂಬ ಗುರಿಯನ್ನೇ ಅವರು ಒಪ್ಪಲಿಲ್ಲ. ಮನೆಖರ್ಚಿನ ಬಜೆಟ್ಟಿನ ಹಾಗೆ ಹಂಚಿಬಿಟ್ಟರು: ಕರ್ನಲ್‌ಗೆ 1 ಸೆಕೆಂಡು, ಆರಂಭದ ಸ್ಕ್ರಿಪ್ಟುಗಳಿಗೆ 1, ಪರದೆಯನ್ನು ನಡೆಸುವ ಎಕ್ಸ್‌ಗೆ 1, ಡೆಸ್ಕ್‌ಟಾಪಿಗೆ 2. ಮೀರಿದವರು ಯಾರೇ ಆದರೂ ಹೊರಗೆ. ಆ ಬಜೆಟ್ಟಿನಲ್ಲಿ ಸ್ಕ್ರಿಪ್ಟುಗಳ ಪಾಲು ಐದರಲ್ಲೊಂದು, ಡೆಸ್ಕ್‌ಟಾಪಿನ ಅರ್ಧ.

ಸಿಸ್ಟಮ್‌ಡಿ ಮಾಡಿದ್ದು ಕೆರೆ ಸರಪಳಿಯನ್ನು ಮುರಿದು ಪೈಪ್‌ಲೈನ್ ಎಳೆದ ಕೆಲಸ. ಭದ್ರೆಯ ನೀರನ್ನು ಎತ್ತಿ ಕೆರೆಗಳಿಗೆ ಹರಿಸುವ ಉಬ್ರಾಣಿ-ಅಮೃತಾಪುರ ಏತ ನೀರಾವರಿ ಇರುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಕೆರೆ ಕೋಡಿ ಬೀಳಲಿ ಎಂದು ಕಾಯದೆ, ಎಲ್ಲಕ್ಕೂ ಒಟ್ಟಿಗೆ ನೀರು ಬಿಡಬಹುದು. ಒಂದು ಸೇವೆಗೆ ಇನ್ನೊಂದು ಬೇಕಿದ್ದರೂ ತಡೆಯಿಲ್ಲ. ಕಚೇರಿಯ ಗುಮಾಸ್ತರು ಬರುವ ಮೊದಲೇ ಕಿಟಕಿ ತೆರೆದು ಅರ್ಜಿ ಪೆಟ್ಟಿಗೆ ಇಟ್ಟುಬಿಟ್ಟ ಹಾಗೆ, ಸೇವೆ ಏಳುವ ಮೊದಲೇ ಅದರ ಬಾಗಿಲನ್ನು ಸಿಸ್ಟಮ್‌ಡಿ ತೆರೆದಿಡುತ್ತದೆ. ಅರ್ಜಿ ಹಾಕುವವರು ಹಾಕಿ ಮುಂದೆ ಹೋಗಬಹುದು. 2011ರಲ್ಲಿ ಫೆಡೋರಾ 15, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಇದನ್ನು ಒಪ್ಪಿಕೊಂಡವು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಬಳಸುವ ಕೈಟ್ ಗ್ನೂ/ಲಿನಕ್ಸ್ ಕೂಡ ಉಬುಂಟು ಮೇಲೆ ಕಟ್ಟಿದ್ದು, ಅಲ್ಲಿಗೂ ಇದೇ ಬಂದಿದೆ.

ಪೈಪ್‌ಲೈನ್ ಎಳೆದಾಕ್ಷಣ ನೀರು ಹೆಚ್ಚಾಗಲಿಲ್ಲ, ಪಂಪು ಒಂದೇ. ಕಂಪ್ಯೂಟರಿನಲ್ಲಿ ಆ ಪಂಪು ಡಿಸ್ಕು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ತಿರುಗುವುದು 120 ಸಲ. ಬೇಕಾದ ಅಕ್ಷರ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ಮುಳ್ಳು ಸರಿದು ಆ ಜಾಗಕ್ಕೆ ಬರಲು ಅದರ ದುಪ್ಪಟ್ಟು. ಲೆಕ್ಕ ಹಾಕಿದರೆ ಚದುರಿಬಿದ್ದ ಚಿಕ್ಕ ಕಡತಗಳನ್ನು ಅದು ಸೆಕೆಂಡಿಗೆ ನೂರರ ಒಳಗೇ ಓದೀತು. ಹತ್ತು ಪ್ರೋಗ್ರಾಮುಗಳು ಏಕಕಾಲಕ್ಕೆ ಏಳಲು ಹೊರಟರೆ ಮುಳ್ಳು ಆ ಮೂಲೆಗೊಮ್ಮೆ ಈ ಮೂಲೆಗೊಮ್ಮೆ ಓಡಾಡುತ್ತದೆ, ಅಂಗಡಿಯಲ್ಲಿ ಕಿರ್ರ್ ಎಂದು ಕೇಳಿಸುತ್ತದಲ್ಲ, ಅದೇ. ಆಗ ಪ್ರತಿಯೊಂದೂ ಉಳಿದ ಒಂಬತ್ತನ್ನು ತಡಮಾಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಅದೇ ಕೆಲಸ ಸೆಕೆಂಡಿಗೆ ಸಾವಿರಗಟ್ಟಲೆ ಸಲ ಆಗುತ್ತದೆ. ಅದೇ ಹತ್ತು ಪ್ರೋಗ್ರಾಮುಗಳು ಎಸ್‌ಎಸ್‌ಡಿ ಇರುವವನಿಗೆ ಗೊತ್ತೇ ಆಗುವುದಿಲ್ಲ, ಹಾರ್ಡ್‌ಡಿಸ್ಕ್ ಇರುವವನಿಗೆ ಒಂದು ಟೀ ಕುಡಿಯುವಷ್ಟು ಹೊತ್ತು. ಸ್ಟಾರ್ಟ್‌ಅಪ್ ಪ್ರೋಗ್ರಾಮುಗಳು ತಡಮಾಡುತ್ತವೆಯೇ ಎಂದು ವಾದಿಸುವ ಇಬ್ಬರೂ ಎಷ್ಟೋ ಸಲ ಸರಿಯೇ ಇರುತ್ತಾರೆ, ಇಬ್ಬರ ಡಿಸ್ಕು ಬೇರೆ ಅಷ್ಟೆ.

ಮೈಕ್ರೋಸಾಫ್ಟಿನ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಂಡೋಸ್ 8ರಿಂದ ಈಚೆಗೆ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟ್‌ಅಪ್ ಪಟ್ಟಿ ಇದೆ, ಪ್ರತಿ ಹೆಸರಿನ ಮುಂದೆ ಅದರ ಪ್ರಭಾವ ಹೆಚ್ಚೋ ಮಧ್ಯಮವೋ ಕಡಿಮೆಯೋ ಎಂಬ ತೀರ್ಪು. ಏಳುವಾಗ 1 ಸೆಕೆಂಡಿಗಿಂತ ಹೆಚ್ಚು ಸಿಪಿಯು ಬಳಸಿದರೆ ಅಥವಾ ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓದು-ಬರಹ ಮಾಡಿದರೆ 'ಹೆಚ್ಚು'. 300 ಮಿಲಿಸೆಕೆಂಡಿಗೂ 300 ಕೆಬಿಗೂ ಒಳಗಿದ್ದರೆ 'ಕಡಿಮೆ'. ಅಂದರೆ ಆ ಪಟ್ಟಿಯಲ್ಲಿ ಹೆಸರೆಷ್ಟಿವೆ ಎಂದು ಎಣಿಸುವುದು ದಂಡ. 'ಕಡಿಮೆ' ಎನ್ನಿಸಿಕೊಂಡ ಏಳು ಸೇರಿದರೂ 'ಹೆಚ್ಚು' ಎನ್ನಿಸಿಕೊಂಡ ಒಂದರ ಸಮ ಆಗದಿರಬಹುದು.

ವಿಂಡೋಸ್ ಇನ್ನೂ ಒಂದು ಚಾಣಾಕ್ಷತನ ಮಾಡಿದೆ. ವಿಸ್ತಾ ಕಾಲದಿಂದ ಕೆಲವು ಸರ್ವೀಸುಗಳಿಗೆ 'ತಡವಾಗಿ ಆರಂಭ' ಎಂಬ ದರ್ಜೆ ಇದೆ, ಬೂಟ್ ಆಗಿ ಸುಮಾರು 2 ನಿಮಿಷದ ನಂತರ ಅವು ಏಳುತ್ತವೆ. ಬೂಟ್ ಸಮಯ ಅಳೆಯುವವರಿಗೆ ಸಂತೋಷ. ಆದರೆ ಕೆಲಸ ತಪ್ಪಲಿಲ್ಲ, ಮುಂದಕ್ಕೆ ಹೋಯಿತು. ಡೆಸ್ಕ್‌ಟಾಪ್ ಬಂದು ಬ್ರೌಸರ್ ಒತ್ತಿದ ಮೇಲೆ ಸುತ್ತುವ ಚಕ್ರ ನೋಡುತ್ತ ಕೂರುವುದು ಈ ಕಾರಣಕ್ಕೂ ಇದೆ. ಸರ್ವರಿಗೆ ಕಟ್ಟಿಹಾಕಿದ ದೊಡ್ಡ ಕಚೇರಿಗಳ ಯಂತ್ರಗಳಲ್ಲಿ ಆಡಳಿತಗಾರರು ಬರೆದಿಟ್ಟ ಸ್ಕ್ರಿಪ್ಟುಗಳೂ ಓಡುತ್ತವೆ. ಅವು ಮುಗಿಯಲು ವಿಂಡೋಸ್ ಕೊಡುವ ಗರಿಷ್ಠ ಗಡುವು ಬೇರೆ ಹೇಳದಿದ್ದರೆ 600 ಸೆಕೆಂಡು. ಒಂದರ ಹಿಂದೊಂದು ಓಡುವಂತೆ ಇಟ್ಟಿದ್ದು, ನೆಟ್‌ವರ್ಕ್ ಏಳದಿದ್ದ ದಿನ, ಆ ಹತ್ತು ನಿಮಿಷದ ರುಚಿ ನೌಕರರಿಗೆ ಸಿಗುತ್ತದೆ. ಅಲ್ಲಿ ಸ್ಕ್ರಿಪ್ಟು ಮಾಡುತ್ತಿರುವ ಕೆಲಸ ಏನೂ ಇಲ್ಲ, ಬರೀ ಕಾಯುತ್ತಿದೆ. ಸಿಸ್ಟಮ್‌ಡಿಯಲ್ಲೂ ಇದೇ ರೋಗದ ತಮ್ಮನಿದ್ದಾನೆ: ಕಿತ್ತುಹಾಕಿದ ಡಿಸ್ಕಿನ ಹೆಸರು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಉಳಿದಿದ್ದರೆ, ಬಾರದ ಅತಿಥಿಗಾಗಿ ಪ್ರತಿ ಬೂಟಿನಲ್ಲೂ 90 ಸೆಕೆಂಡು ಬಾಗಿಲಲ್ಲಿ ನಿಂತಿರುತ್ತದೆ.

ಈಗ ಉಬ್ರಾಣಿಯ ಅಂಗಡಿಗೆ ಮರಳೋಣ. ಅಲ್ಲಿನ ಬೂಟ್ ಬೆಂಗಳೂರಿನ ಬೂಟ್ ಅಲ್ಲ. ವಿಂಡೋಸ್ 8ರಲ್ಲಿ ಬಂದ 'ಫಾಸ್ಟ್ ಸ್ಟಾರ್ಟ್‌ಅಪ್' ಎಂಬುದು ಶಟ್‌ಡೌನ್ ಮಾಡಿದಾಗ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಕರೆಂಟ್ ರಪ್ಪೆಂದು ಹೋದರೆ ಬರೆದಿಡಲು ವೇಳೆಯೇ ಇರುವುದಿಲ್ಲ. ಹಾಗಾಗಿ ಇಲ್ಲಿ ಪ್ರತಿ ಸಲವೂ ಬುಡದಿಂದ ಏಳಬೇಕು. ಕಚೇರಿಯಲ್ಲಿ ದಿನಕ್ಕೊಂದು ಸಲ, ಅದೂ ಅರ್ಧಂಬರ್ಧ ಬೂಟ್ ಮಾಡುವವನ ಅನುಭವದಿಂದ ಇಲ್ಲಿಯವರಿಗೆ ಉಪದೇಶ ಮಾಡಿದರೆ ತಾಳೆಯಾಗದು.

ಕರೆಂಟು ಹೋದ ರೀತಿ ಇನ್ನೊಂದು ದಂಡವನ್ನೂ ಹಾಕುತ್ತದೆ. ವಿಂಡೋಸ್ 98 ಬಳಸಿದವರಿಗೆ ನೆನಪಿರಬೇಕು, ಸರಿಯಾಗಿ ಮುಚ್ಚದೆ ಹೋದರೆ ಮುಂದಿನ ಸಲ ನೀಲಿ ಪರದೆಯ ಸ್ಕ್ಯಾನ್‌ಡಿಸ್ಕ್ ಎದುರು ಕೂರಬೇಕಿತ್ತು. ಲಿನಕ್ಸಿನ ಇಎಕ್ಸ್‌ಟಿ2 ಕಡತ ವ್ಯವಸ್ಥೆಯೂ ಇಡೀ ಡಿಸ್ಕನ್ನು ತಡಕಾಡುತ್ತಿತ್ತು. 2001ರ ಕೊನೆಗೆ ಕರ್ನಲ್ ಸೇರಿದ ಇಎಕ್ಸ್‌ಟಿ3 ಮಾಡುವ ಕೆಲಸವನ್ನು ಮೊದಲು ದಿನಚರಿಯಲ್ಲಿ ಬರೆದುಕೊಳ್ಳಲು ಶುರುಮಾಡಿದ ಮೇಲೆ ಆ ಕಾಟ ತಪ್ಪಿತು. ವಿಂಡೋಸಿನ ಎನ್‌ಟಿಎಫ್‌ಎಸ್ ಕೂಡ ದಿನಚರಿ ಇಡುತ್ತದೆ. ಆದರೂ ಮತ್ತೆ ಮತ್ತೆ ಪೆಟ್ಟು ತಿಂದ ಡಿಸ್ಕಿನಲ್ಲಿ ಚೆಕ್‌ಡಿಸ್ಕ್ ಓಡುವ ದಿನ ಬರುತ್ತದೆ, ಆ ದಿನ ಸ್ಟಾರ್ಟ್‌ಅಪ್ ಪಟ್ಟಿ ಖಾಲಿ ಇದ್ದರೂ ಒಂದೇ, ತುಂಬಿದ್ದರೂ ಒಂದೇ.

ಆ ಅಂಗಡಿಯಲ್ಲಿ ನಾನು ಕಂಡ ಇನ್ನೊಂದು ಕಾರಣ ನಗು ತರಿಸುವಂಥದು. ಯಂತ್ರ ಎಫ್1 ಒತ್ತಿ ಎಂದು ಕಪ್ಪು ಪರದೆಯಲ್ಲಿ ಕೇಳುತ್ತ ನಿಂತಿತ್ತು. ಮದರ್‌ಬೋರ್ಡಿನ ಮೇಲೆ ಹಳೆಯ ನಾಲ್ಕಾಣೆಗಿಂತ ಕೊಂಚ ಅಗಲದ, ಸಿಆರ್2032 ಎಂಬ 3 ವೋಲ್ಟಿನ ಬಟನ್ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಅದು ತೀರಿದರೆ ಪ್ರತಿ ಸಲ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ, ಬಯೋಸ್ ಮನುಷ್ಯನ ಕೈಗಾಗಿ ಕಾಯುತ್ತದೆ. ಎದ್ದ ಮೇಲೂ ದಿನಾಂಕ ತಪ್ಪಿರುವುದರಿಂದ ಸರ್ಕಾರಿ ಜಾಲತಾಣಗಳು ಸುರಕ್ಷಿತವಲ್ಲ ಎಂದು ಬ್ರೌಸರ್ ತಡೆಯುತ್ತದೆ. "ಸರ್ವರ್ ಬಿಜಿ" ಎಂದು ಅಂಗಡಿಯವ ಜನರನ್ನು ಕಳಿಸುತ್ತಾನೆ.

ಹುಡುಗನ ಅನುಮತಿ ಪಡೆದು ಸ್ಟಾರ್ಟ್‌ಅಪ್ ಪಟ್ಟಿ ತೆರೆದೆ. ಪ್ರಿಂಟರಿನ ಜೊತೆ ಬಂದ 'ಸಹಾಯಕ', ಎರಡು ಬ್ರೌಸರ್‌ಗಳ ಅಪ್‌ಡೇಟರ್, ಯಾರೋ ದೂರದಿಂದ ರಿಪೇರಿ ಮಾಡಿದಾಗ ಹಾಕಿಹೋದ ರಿಮೋಟ್ ತಂತ್ರಾಂಶ, ಆಧಾರ್ ಬೆರಳಚ್ಚು ಯಂತ್ರದ ಸೇವೆ, ನುಡಿ. ಜೊತೆಗೆ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದು ವಿಬಿಎಸ್ ಕಡತ. ಇಡೀ ಪಟ್ಟಿಯಲ್ಲಿ ನಿಜಾರ್ಥದಲ್ಲಿ ಸ್ಕ್ರಿಪ್ಟು ಎನ್ನಬಹುದಾದದ್ದು ಅದೊಂದೇ, ಮತ್ತು ಅದು ವೈರಸ್. ಜೆರಾಕ್ಸ್ ಅಂಗಡಿಗಳಲ್ಲಿ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಬ್ಬಿ, ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಹಾಕುವ ಜಾತಿ. ಬೂಟನ್ನು ಅದು ಹೆಚ್ಚೇನೂ ತಡಮಾಡುವುದಿಲ್ಲ. ತೆಗೆಯಬೇಕಾದದ್ದು ಮಾತ್ರ ಮೊದಲು ಅದನ್ನೇ.

ನುಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದ ಮೇಲೆ, ಕನ್ನಡ ಟೈಪ್ ಮಾಡುವ ಯಂತ್ರವೆಂದರೆ ಆರಂಭದಲ್ಲೇ ಇವುಗಳಲ್ಲೊಂದು ಏಳುವ ಯಂತ್ರ ಎಂದಾಗಿಬಿಟ್ಟಿತು. ಕೀಲಿ ಒತ್ತಿದ್ದನ್ನು ಹಿಡಿದು ಕನ್ನಡ ಮಾಡಲು ಅದು ಹಿನ್ನೆಲೆಯಲ್ಲಿ ಎದ್ದಿರಲೇಬೇಕು. 'ಸಿಸ್ಟಮ್ ಫಾಸ್ಟ್ ಮಾಡಿಕೊಡ್ತೀನಿ' ಎಂದು ಬರುವವರು ಮೊದಲು ಕಿತ್ತುಹಾಕುವುದು ಇದನ್ನೇ, ಏಕೆಂದರೆ ಹೆಸರು ಅವರಿಗೆ ಪರಿಚಿತ, ಉಳಿದವುಗಳ ಹೆಸರು ಗೊತ್ತಿಲ್ಲ. ನಾನು ನೋಡಿದ ಯಾವ ಯಂತ್ರದಲ್ಲೂ ಬೂಟ್ ತಡವಾಗಲು ನುಡಿ ಕಾರಣವಾಗಿದ್ದಿಲ್ಲ. ಬೆರಳಚ್ಚಿನ ಸೇವೆಯನ್ನು ಕಿತ್ತರಂತೂ ಮರುದಿನ ಆಧಾರ್ ಕೆಲಸವೇ ನಿಂತುಹೋಗುತ್ತದೆ.

ಕಿತ್ತುಹಾಕುವ ಮೊದಲು ಅಳೆಯಬಹುದು, ಅದಕ್ಕೆ ದುಡ್ಡೂ ಬೇಡ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪುಟದಲ್ಲಿ ಬಯೋಸ್ ತಿಂದ ಸಮಯ ಮೂಲೆಯಲ್ಲೇ ಬರೆದಿರುತ್ತದೆ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್ ವಿಭಾಗದ 100ನೇ ಸಂಖ್ಯೆಯ ದಾಖಲೆ ಬೂಟಿನ ಹೊತ್ತನ್ನು ಎರಡು ಭಾಗ ಮಾಡಿ ತೋರಿಸುತ್ತದೆ: ಡೆಸ್ಕ್‌ಟಾಪ್ ಬರುವವರೆಗಿನದು, ಬಂದ ಮೇಲೆ ಯಂತ್ರ ತಣ್ಣಗಾಗುವವರೆಗಿನದು. ಸ್ಟಾರ್ಟ್‌ಅಪ್ ಪ್ರೋಗ್ರಾಮುಗಳ ಪಾಪವೆಲ್ಲ ಎರಡನೆಯ ಭಾಗದಲ್ಲಿ. ಲಿನಕ್ಸಿನಲ್ಲಿ ಸಿಸ್ಟಮ್‌ಡಿ-ಅನಲೈಜ್ ಆದೇಶವಿದೆ. ಅದರ 'ಬ್ಲೇಮ್' ಪಟ್ಟಿಯ ತುದಿಯಲ್ಲಿರುವವನೇ ಕಳ್ಳ ಎಂದು ಹಿಡಿದವರು ಬಹಳ. ಅವನು ಬೇರೊಬ್ಬನಿಗಾಗಿ ಕಾಯುತ್ತ ನಿಂತವನಾಗಿರಬಹುದು, ಅಥವಾ ಅವನ ಪಾಡಿಗೆ ಪಕ್ಕದಲ್ಲಿ ಓಡುತ್ತಿದ್ದು ಯಾರನ್ನೂ ತಡೆಯದೆ ಇದ್ದಿರಬಹುದು. ನೋಡಬೇಕಾದದ್ದು 'ಕ್ರಿಟಿಕಲ್-ಚೈನ್', ಯಾರು ಯಾರನ್ನು ನಿಲ್ಲಿಸಿದರು ಎಂಬ ಸರಪಳಿ.

ಒಟ್ಟು ನೋಡಿದರೆ ನನ್ನ ತೀರ್ಪು ಹೀಗೆ. ಸ್ಕ್ರಿಪ್ಟಿನೊಳಗಿನ ಕೆಲಸದಿಂದ ಆಗುವ ತಡ ಇವತ್ತು ನಗಣ್ಯ, ಅದರ ಕಾಲ ಸಿಸ್ಟಮ್‌ಡಿಯೊಂದಿಗೆ ಮುಗಿಯಿತು. ಸ್ಕ್ರಿಪ್ಟು ಯಾವುದಕ್ಕೋ ಕಾಯುತ್ತಿದ್ದರೆ ತಡ ದೊಡ್ಡದು, ಆಗ ಸರಿಮಾಡಬೇಕಾದದ್ದು ಆ 'ಯಾವುದನ್ನೋ'. ಹಾರ್ಡ್‌ಡಿಸ್ಕಿನ ಹಳೆಯ ಯಂತ್ರದಲ್ಲಿ ಸ್ಟಾರ್ಟ್‌ಅಪ್ ಪಟ್ಟಿ ಇಳಿಸುವುದು ಸಾರ್ಥಕ, ಅದೂ 'ಹೆಚ್ಚು' ಎಂದು ಬರೆದವನ್ನು ಮಾತ್ರ. ಮೊದಲು ಪಟ್ಟಿಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದನ್ನು ನಿಲ್ಲಿಸಿ, ಒಂದು ದಿನ ಕೆಲಸ ಮಾಡಿ ನೋಡಿ, ಆಮೇಲೆ ಇನ್ನೊಂದು. ಅಳಿಸಬೇಡಿ, ಡಿಸೇಬಲ್ ಮಾಡಿದರೆ ಸಾಕು.

ಆ ದಿನ ನಾವು ವೈರಸ್ ಕಡತವನ್ನು ತೆಗೆದು, ಸಹಾಯಕ, ರಿಮೋಟ್ ತಂತ್ರಾಂಶ ಮತ್ತು ಒಂದು ಅಪ್‌ಡೇಟರನ್ನು ನಿಲ್ಲಿಸಿದೆವು. ಡೆಸ್ಕ್‌ಟಾಪ್ ಕಾಣುವ ಹೊತ್ತು ಅಷ್ಟೇ ಉಳಿಯಿತು, ಬ್ರೌಸರ್ ತೆರೆಯುವುದು ಮಾತ್ರ ಕಣ್ಣಿಗೆ ಗೊತ್ತಾಗುವಷ್ಟು ಬೇಗವಾಯಿತು. ತಿಂಗಳ ನಂತರ ಹೋದಾಗ ಹುಡುಗ ಚನ್ನಗಿರಿಯಿಂದ ಬಟನ್ ಸೆಲ್, ಎಸ್‌ಎಸ್‌ಡಿ ತಂದು ಹಾಕಿಸಿದ್ದ, ಯುಪಿಎಸ್ಸಿಗೆ ಹೊಸ ಬ್ಯಾಟರಿಯೂ ಬಂದಿತ್ತು. ನಾನು ಇರುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಕಿರುಚತೊಡಗಿತು, ಸಿಸ್ಟಮ್ ಆಫ್ ಆಗಲಿಲ್ಲ, ಪಹಣಿ ಪ್ರಿಂಟ್ ಆಗಲಿಲ್ಲ. ಪ್ರಿಂಟರಿನ ವೈರು ಇನ್ನೂ ಗೋಡೆಯ ಸಾಕೆಟ್ಟಿನಲ್ಲೇ ಇತ್ತು.